ನೀನು ಕತ್ತರಿಸಿದ ಸಾಲು

ಎಸೆನ್ಲೆರ್, ಇಸ್ತಾಂಬುಲ್
ಮಾರ್ಚ್ 9, 2022, ಬುಧವಾರ

ನನ್ನ ಇಲ್ಯಾಸನ ಮಗ ಸೆಫೆರನೇ,

ಹೇಗಿದ್ದೀಯ? ಹೊತ್ತುಹೊತ್ತಿಗೆ ತಿನ್ನುತ್ತಿದ್ದೀಯಾ? ಸಮುದ್ರದ ಆ ದಡದಲ್ಲಿ ಗಾಳಿ ಜೋರು ಎನ್ನುತ್ತಾರೆ. ಕುತ್ತಿಗೆಗೆ ಒಂದು ಬಟ್ಟೆ ಸುತ್ತಿಕೋ, ನೀನು ನೇತುಹಾಕಿಕೊಳ್ಳುವ ಆ ಸರಪಳಿ ಚಳಿ ತಡೆಯುವುದಿಲ್ಲ. ಸಿಟ್ಟು ಬಂದಿದೆ ಎಂದು ಆರೋಗ್ಯ ವಿಚಾರಿಸದೆ ಕಾಗದ ಶುರು ಮಾಡುವಷ್ಟು ಗತಿಗೆಟ್ಟವಳಲ್ಲ ನಿನ್ನ ಅಜ್ಜಿ. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಕಂಡರೆ ಅಳುತ್ತದೆ. ನಿನ್ನ ತಾಯಿ ನಾಜಿಫೆ ಅದೇ ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಾಳೆ, ಕೈ ಸುಟ್ಟುಕೊಂಡು ಬರುತ್ತಾಳೆ, ಕೇಳಿದರೆ ಏನಿಲ್ಲ ಎನ್ನುತ್ತಾಳೆ. ಅವಳಿಗೆ ನಿನ್ನ ಮೇಲೆ ಸಿಟ್ಟಿಲ್ಲವಂತೆ. ಇರಲಿ, ಅವಳ ಪಾಲಿನದನ್ನೂ ನಾನೇ ಮಾಡಿಕೊಳ್ಳುತ್ತಿದ್ದೇನೆ.

ಕಾಗದವೇ ಯಾಕೆ ಎಂದು ನಗುತ್ತಿರಬಹುದು. ಫೋನಿನಲ್ಲಿ ಮಾತಾಡಿ ಕಳಿಸಿ ಅತ್ತೆ, ಗುಂಡಿ ಒತ್ತಿ ಹಿಡಿದರೆ ಸಾಕು ಎಂದು ನಿನ್ನ ತಾಯಿ ಹೇಳಿದಳು. ಬೇಡ ಎಂದೆ. ನನ್ನ ದನಿ ಒಮ್ಮೆ ನಿನ್ನ ಕೈಗೆ ಸಿಕ್ಕಿ ಪಟ್ಟ ಪಾಡು ಸಾಕು. ಈ ಬೈಗುಳವನ್ನೂ ಹಿಡಿದಿಟ್ಟುಕೊಂಡು ಡ್ರಮ್ಮು ಕೂರಿಸಿ ಊರಿಗೆಲ್ಲ ಹಂಚುತ್ತೀಯ. ಕಾಗದಕ್ಕೆ ಡ್ರಮ್ಮು ಬಡಿ, ನೋಡೋಣ. ಹಳ್ಳಿ ಶಾಲೆಯಲ್ಲಿ ಮೂರನೆಯ ಕ್ಲಾಸಿನವರೆಗೆ ಕಲಿತ ಅಕ್ಷರ ನನ್ನದು, ಆಮೇಲೆ ನಮ್ಮಪ್ಪ ಕುರಿಗಳ ಹಿಂದೆ ಕಳಿಸಿದ. ಸಾಲು ಸೊಟ್ಟಗಾದರೆ ಸೊಟ್ಟಗೇ ಓದಿಕೋ. ಮೇಲಿನ ಮನೆಯ ಹುಡುಗಿ ಬರೆದುಕೊಡುತ್ತೇನೆ ಎಂದಳು. ಅವಳು ನಿನ್ನ ಅಭಿಮಾನಿಯಂತೆ. ಬೈಗುಳವನ್ನೆಲ್ಲ ಸಕ್ಕರೆಯಲ್ಲಿ ಅದ್ದಿ ಬರೆದಾಳು ಎಂದು ನಾನೇ ಕೂತೆ.

ಹೇಗೆ ಗೊತ್ತಾಯಿತು ಎಂದು ಮೊದಲು ಹೇಳುತ್ತೇನೆ. ಹೋದ ವಾರ ಮಂಡಿಗೆ ಮುಲಾಮು ತರಲು ಮಿನಿಬಸ್ ಹತ್ತಿದೆ. ಡ್ರೈವರ್ ಹುಡುಗ ಹಾಡು ಹಾಕಿದ್ದ. ಪಿಟೀಲು ಅಳುತ್ತಾ ಶುರುವಾಯಿತು, ಅರಬೆಸ್ಕ್ ಪಿಟೀಲು, ನಿನ್ನಪ್ಪನ ಕ್ಯಾಸೆಟ್ಟುಗಳಲ್ಲಿ ಅಳುತ್ತಿತ್ತಲ್ಲ ಹಾಗೆ. ನನಗೂ ಹಿತವಾಯಿತು. ಯಾರೋ ಹಳೆಯ ಕಾಲದವರ ಹಾಡು ಎಂದುಕೊಂಡೆ. ಆಮೇಲೆ ಒಬ್ಬ ಮುದುಕಿ ಅಳಲು ಶುರು ಮಾಡಿದಳು. ಪಾಪ, ಯಾವ ತಾಯಿಯೋ, ಎಷ್ಟು ಚೆನ್ನಾಗಿ ಹಾಡಿ ಅಳುತ್ತಿದ್ದಾಳೆ, ನಮ್ಮ ತೋಕಾತ್ ಕಡೆಯವಳೇ ಇರಬೇಕು ಎಂದು ಪಕ್ಕದಲ್ಲಿ ಕೂತವಳಿಗೆ ಹೇಳಿದೆ ಕಣೋ ನಾನು! ಹೇಳಿ ಬಾಯಿ ಮುಚ್ಚುವುದರೊಳಗೆ ಆ ಮುದುಕಿ ನನ್ನ ಮಗನ ಹೆಸರು ಹಿಡಿದು ಕರೆದಳು. ನನ್ನ ದನಿಯ ಬೆನ್ನ ಮೇಲೆ ಧಡ್ ಧಡ್ ಎಂದು ಏನೋ ಬಿತ್ತು, ನೀನು ಬೊಗಳಲು ಶುರು ಮಾಡಿದೆ. ಹಿಂದಿನ ಸೀಟಿನ ಹುಡುಗರು ತಲೆಯಾಡಿಸುತ್ತಿದ್ದರು. ನಾನು ಕಂಬಿ ಹಿಡಿದು ನಿಂತೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, “ಅಜ್ಜೀ, ನೀವು ಅವನ ಅಜ್ಜಿ ಅಲ್ವಾ? ಈ ದನಿ ನಿಮ್ದಂತೆ! ನೀವು ಚಾರ್ಜು ಕೊಡೋ ಹಾಗೇ ಇಲ್ಲ, ಕೂತ್ಕೊಳ್ಳಿ ಕೂತ್ಕೊಳ್ಳಿ” ಎಂದ. ಹಾಡುವುದಕ್ಕೆಂದು ನೀನು ಇಟ್ಟುಕೊಂಡಿರುವ, ಚೂರಿ ಸೇರಿಸಿದ ಆ ಹೊಸ ಹೆಸರನ್ನೂ ಹೇಳಿದ. ಅದನ್ನು ನಾನು ಈ ಕಾಗದದಲ್ಲಿ ಬರೆಯುವುದಿಲ್ಲ. ನಿನ್ನ ಕಿವಿಯಲ್ಲಿ ಬಾಂಗು ಕೂಗಿಸಿ ಸೆಫೆರ್ ಎಂದು ಮೂರು ಸಲ ಹೇಳಿಸಿದವಳು ನಾನು.

ಆಗ ನೆನಪಾಯಿತು. ಹೋದ ಬಕ್ರೀದಿನ ಹಿಂದಿನ ದಿನ ನಿನ್ನಪ್ಪನ ಗೋರಿಗೆ ಹೋಗಿದ್ದೆವಲ್ಲ, ನೀನೂ ಬಂದಿದ್ದೆ. ನಾನು ಕಳೆ ಕಿತ್ತು, ನೀರು ಹಾಕಿ, ಕಲ್ಲಿಗೆ ಹಣೆ ಹಚ್ಚಿ ಹಾಡಿ ಅತ್ತೆ. ನೀನು ಪಕ್ಕದಲ್ಲಿ ನಿಂತು ಫೋನನ್ನು ಎರಡು ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿಕೊಂಡಿದ್ದೆ. ಈಗಿನ ಹುಡುಗರಿಗೆ ಸತ್ತವರಿಗಾಗಿ ಓದುವ ಕುರಾನಿನ ಯಾಸೀನ್ ಬಾಯಿಪಾಠ ಬರುವುದಿಲ್ಲ, ಎಲ್ಲರೂ ಫೋನಿನಲ್ಲೇ ನೋಡಿ ಓದುತ್ತಾರೆ. ನನ್ನ ಸೆಫೆರ್ ಅಪ್ಪನಿಗೆ ಯಾಸೀನ್ ಓದುತ್ತಿದ್ದಾನೆ ಎಂದುಕೊಂಡೆ. ಮುಗಿದ ಮೇಲೆ ನಿನ್ನ ತಲೆ ಸವರಿ “ನಿನ್ನ ಓದು ಅವನಿಗೆ ಮುಟ್ಟಲಿ ಮಗನೇ” ಎಂದೆ. ನೀನು “ಆಮೀನ್” ಎಂದೆ! ಆ ಆಮೀನನ್ನು ನೆನೆಸಿಕೊಂಡರೆ ಈಗಲೂ ಚಪ್ಪಲಿ ಹುಡುಕುವಂತಾಗುತ್ತದೆ.

ಆದರೂ ಕೇಳು, ಕದ್ದದ್ದಕ್ಕೆ ನಾನು ಕಾಗದ ಬರೆಯುತ್ತಿಲ್ಲ. ಕದ್ದವನು ನನ್ನ ಮೊಮ್ಮಗ, ಕದ್ದದ್ದು ಅವನ ಅಪ್ಪನ ಹಾಡು, ಬೈದು ಮುಗಿಸಬಹುದಿತ್ತು. ನೀವು ಹುಡುಗರು ಮಾಡುವ ಈ ರ‍್ಯಾಪು ನನಗೆ ಗೊತ್ತಿಲ್ಲದ್ದೂ ಅಲ್ಲ. ಜರ್ಮನಿಗೆ ಕೂಲಿಗೆ ಹೋದವರ ಮಕ್ಕಳು ಮೊದಲು ತಂದರು, ಆಮೇಲೆ ನಮ್ಮ ಗಲ್ಲಿಯಲ್ಲಿ ಕೆಲಸವಿಲ್ಲದ ಹುಡುಗರೆಲ್ಲ ಗೋಡೆಗೆ ಒರಗಿ ಅದನ್ನೇ ಗುನುಗಿದರು. ನೀನು ಅದಕ್ಕೆ ಅರಬೆಸ್ಕ್ ಪಿಟೀಲು ಸೇರಿಸಿದ್ದು ನನಗೆ ಹಿಡಿಸಿತು. ಸುಳ್ಳು ಯಾಕೆ ಹೇಳಲಿ? ನಿನ್ನಪ್ಪ ಆ ಹಾಡುಗಳನ್ನು ಪ್ರಾಣದ ಹಾಗೆ ಇಟ್ಟುಕೊಂಡಿದ್ದ. ಓದಿದವರು ಅದನ್ನು ಮಿನಿಬಸ್ ಸಂಗೀತ ಎಂದು ಮೂಗು ಮುರಿಯುತ್ತಿದ್ದರು, ರೇಡಿಯೋದವರು ಎಷ್ಟೋ ಕಾಲ ಹಾಕುತ್ತಿರಲಿಲ್ಲ. ಆದರೆ ಆ ಹಾಡುಗಾರರಿಗೆ ಒಂದು ಧೈರ್ಯವಿತ್ತು. ಮೀಸೆ ಹೊತ್ತ ಗಂಡಸು ಎದುರು ನಿಂತು ನಾನು ಸೋತೆ, ನನ್ನನ್ನು ತುಳಿದರು, ನನ್ನ ಹತ್ತಿರ ಏನೂ ಉಳಿದಿಲ್ಲ ಎಂದು ಅಳುತ್ತಿದ್ದ, ನಾಚಿಕೊಳ್ಳುತ್ತಿರಲಿಲ್ಲ. ನೀನು ಅವರ ಪಿಟೀಲು ತೆಗೆದುಕೊಂಡೆ, ಧೈರ್ಯ ಅಲ್ಲೇ ಬಿಟ್ಟು ಬಂದೆ.

ಮೇಲಿನ ಮನೆಯ ಹುಡುಗಿಯಿಂದ ಆ ಹಾಡನ್ನು ಪೂರ್ತಿ ಹಾಕಿಸಿ ಕೇಳಿದೆ. ವಿಡಿಯೋ ಕೂಡ ತೋರಿಸಿದಳು. ನಾನು ಗೋರಿಯ ಮೇಲೆ ಅತ್ತದ್ದು ಹೀಗೆ:

ಯಾರು ಒಯ್ದರೋ ನಿನ್ನ, ಯಾರು ಒಯ್ದರೋ ಇಲ್ಯಾಸಾ,
ಇಪ್ಪತ್ತೆಂಟರ ಹುಬ್ಬು ಬೆಳ್ಳಗಾಯಿತಲ್ಲೋ ಕಂದಾ.
ಮರಳು ಒಯ್ದಿತು ನನ್ನ, ನೀಲಿ ಬಟ್ಟೆಯ ಮರಳು,
ಕಿಟಕಿಗೆ ಹಲಗೆ ಹೊಡೆಸಿದ ಜೆವ್ದೆತನ ಕೇಳೇ ಅಮ್ಮಾ.

ಕೇಳುವುದು ನಾನು, ಉತ್ತರ ಕೊಡುವುದು ಸತ್ತವನು. ನೀನು ಮೊದಲಿನ ಸಾಲು ಇಟ್ಟುಕೊಂಡೆ, ಉಳಿದದ್ದನ್ನು ಕತ್ತರಿಸಿ ಎಸೆದೆ. ಯಾರು ಒಯ್ದರೋ ಎಂದು ನಾನು ಕೂಗುತ್ತೇನೆ, ಉತ್ತರ ಹೇಳಲು ಬರುವವನು ನೀನು:

ಬೀದಿಗೆ ದೊರೆ ನನ್ನಪ್ಪ, ಬೆನ್ನಿಗೆ ಬಿತ್ತು ಚೂರಿ,
ನೆತ್ತರ ಲೆಕ್ಕ ತೀರಿಸ್ತೀನಿ ಗಲ್ಲಿ ಗಲ್ಲಿ ಏರಿ.

ಯಾವ ಬೀದಿಗೆ ದೊರೆಯೋ? ನಿನ್ನಪ್ಪ ಕೋಳಿ ಕೊಯ್ಯಲು ಹೇಳಿದರೆ ಪಕ್ಕದ ಮನೆಯವರನ್ನು ಕರೆತರುತ್ತಿದ್ದ. ಮನೆಯಲ್ಲಿದ್ದ ಒಂದೇ ಚೂರಿ ನನ್ನದು, ಈರುಳ್ಳಿಯದ್ದು, ಅದಕ್ಕೂ ಹಿಡಿ ಸಡಿಲ. ನೀನಾಗ ನಾಲ್ಕು ವರ್ಷದವನು, ನಿನಗೆ ನೆನಪಿಲ್ಲ. ಸರಿ, ಆದರೆ ನಾನು ಹೇಳಿಲ್ಲವೇ? ಎಷ್ಟು ಸಲ ಹೇಳಿದ್ದೇನೆ! ಹೊಸ ಜೀನ್ಸ್ ಪ್ಯಾಂಟುಗಳನ್ನು ಹಳತು ಮಾಡುವ ಕೆಲಸ ಅವನದು. ನೆಲಮಾಳಿಗೆಯಲ್ಲಿ ಪೈಪು ಹಿಡಿದು, ಗಾಳಿಯ ಜೋರಿನಲ್ಲಿ ಮರಳು ಹೊಡೆದು ಹೊಡೆದು ತೊಡೆಯ ಮೇಲೆ ಬೆಳ್ಳಗೆ ಸವೆಸಬೇಕು. ಊರಿನ ಹುಡುಗರೆಲ್ಲ ಅಲ್ಲೇ ದುಡಿದು ಅಲ್ಲೇ ಮಲಗುತ್ತಿದ್ದರು. ಧೂಳು ಹೊರಗೆ ಹೋದರೆ ಅಕ್ಕಪಕ್ಕದವರು ದೂರು ಕೊಡುತ್ತಾರೆಂದು ಕಿಟಕಿಗಳಿಗೆ ಹಲಗೆ ಹೊಡೆಸಿದ್ದ ಅಲ್ಲಿನ ಯಜಮಾನ ಜೆವ್ದೆತ್. ಬಾಯಿಗೆ ಒಂದು ತೆಳ್ಳನೆಯ ಬಟ್ಟೆ, ಅಷ್ಟೇ. ಭಾನುವಾರ ಮನೆಗೆ ಬಂದರೆ ಹುಬ್ಬು, ರೆಪ್ಪೆ, ಕಿವಿಯೊಳಗೆಲ್ಲ ಬೆಳ್ಳಗೆ. “ಹಿಟ್ಟಿನ ಗಿರಣಿಯಿಂದ ಬಂದ್ಯೇನೋ” ಎಂದು ನಾನು ನಗುತ್ತಿದ್ದೆ. “ಅಮ್ಮಾ, ಅಮೆರಿಕಾದವ್ರು ಹಳೇ ಪ್ಯಾಂಟೇ ಬೇಕು ಅಂತಾರೆ, ನಾವೇನು ಮಾಡೋಣ” ಎಂದು ಅವನೂ ನಗುತ್ತಿದ್ದ. ಆಮೇಲೆ ಕೆಮ್ಮು. ಆಸ್ಪತ್ರೆಯಲ್ಲಿ ಕ್ಷಯ ಎಂದರು, ಅದರ ಮಾತ್ರೆ ಕೊಟ್ಟರು. ಎದೆಯೊಳಗೆ ಕಲ್ಲು ಕಟ್ಟಿದೆ, ಮದ್ದಿಲ್ಲ ಎಂದು ಇನ್ನೊಬ್ಬ ಡಾಕ್ಟರು ಹೇಳುವಷ್ಟರಲ್ಲಿ ಅವನನ್ನು ನಾನು ಮಗುವಿನ ಹಾಗೆ ಎತ್ತಿ ಕೂರಿಸುತ್ತಿದ್ದೆ. ಮತ್ತೆ ಆ ವಿಡಿಯೋದಲ್ಲಿ ನೀನು, ನನ್ನ ದನಿ ಅಳುತ್ತಿರುವಾಗ, ಕಾರಿನ ಮೇಲೆ ಕೂತು ಕಾಲು ಆಡಿಸುತ್ತಿದ್ದೀಯ. ತೊಡೆಯ ಮೇಲೆ ಬೆಳ್ಳಗೆ ಸವೆದ ಪ್ಯಾಂಟು. ನಿನ್ನ ತಾಯಿ ಅದನ್ನು ನೋಡಿ ಎದ್ದು ಅಡುಗೆಮನೆಗೆ ಹೋದಳು, ನೀರು ಬಿಟ್ಟುಕೊಂಡು ಒಂದೇ ಲೋಟವನ್ನು ತೊಳೆಯುತ್ತಾ ನಿಂತಳು.

ಅವಳು ನಿನಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ನಿನ್ನ ಉತ್ತರ ನನ್ನ ಕಿವಿಗೂ ಬಿತ್ತು. “ಅಮ್ಮಾ, ರ‍್ಯಾಪಲ್ಲಿ ಮರಳು, ಕೆಮ್ಮು ಅಂದ್ರೆ ಯಾರು ಕೇಳ್ತಾರೆ? ಚೂರಿ ಅಂದ್ರೆ ಕೇಳ್ತಾರೆ. ಅಪ್ಪನ್ನ ನಾನು ದೊಡ್ಡವನು ಮಾಡಿದೀನಿ.” ದೊಡ್ಡವನು ಮಾಡಿದೆಯಾ? ಅವನು ಚಿಕ್ಕವನಾಗಿದ್ದನೇ? ಹಾಡಿ ಅಳುವುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆಯಿದೆ, ನಿನಗೆ ಯಾರೂ ಕಲಿಸಲಿಲ್ಲ, ಗಂಡು ಹುಡುಗ ಎಂದು ಬಿಟ್ಟೆವು. ಹೆಣದ ಸುತ್ತ ಕೂತು ಅಳುವವಳು ಏನು ಬೇಕಾದರೂ ಅಳಬಹುದು, ಆದರೆ ಹೇಗೆ ಸತ್ತ, ಯಾರ ಕೈಯಿಂದ ಸತ್ತ ಎನ್ನುವುದನ್ನು ಮಾತ್ರ ತಿರುಚುವ ಹಾಗಿಲ್ಲ. ತಿರುಚಿದರೆ ಪಕ್ಕದಲ್ಲಿ ಕೂತವಳು ಅಲ್ಲೇ, ಅದೇ ರಾಗದಲ್ಲಿ, ತಿದ್ದುತ್ತಾಳೆ. ನಮ್ಮೂರಿನಲ್ಲಿ ಫಾದಿಮೆಯ ಗಂಡ ಟ್ರ್ಯಾಕ್ಟರ್ ಮಗುಚಿ ಸತ್ತಾಗ ಅವಳು “ಸಿಂಹದ ಹಾಗೆ ಹೋದೆಯಲ್ಲೋ” ಎಂದು ಅತ್ತಳು. ನನ್ನ ಸೋದರತ್ತೆ ಪಕ್ಕದಿಂದ ಎತ್ತಿಕೊಂಡಳು, “ಸಿಂಹವೇ ಹೌದು ತಾಯೀ, ರಾಕಿ ಕುಡಿದ ಸಿಂಹ, ಚಕ್ರ ಕಾಣದ ಸಿಂಹ” ಎಂದು. ಹೆಂಗಸರೆಲ್ಲ ತಲೆವಸ್ತ್ರದೊಳಗೆ ನಕ್ಕರು, ನಕ್ಕ ಬಾಯಲ್ಲೇ ಮೊದಲಿಗಿಂತ ಜೋರಾಗಿ ಅತ್ತರು. ಫಾದಿಮೆಯೂ ಅತ್ತಳು, ಅವಳಿಗೆ ಸಿಟ್ಟು ಬರಲಿಲ್ಲ. ಸತ್ತವನು ಹಾಗೆಯೇ ಇದ್ದ, ಅವನನ್ನು ಹಾಗೆಯೇ ಮಣ್ಣು ಮಾಡಿದೆವು.

ಈಗ ನಿನ್ನ ಚೂರಿ ಏನು ಮಾಡಿದೆ ಕೇಳು. ಮೊನ್ನೆ ಗಲ್ಲಿಯ ಕೊನೆಯ ಕ್ಷೌರದಂಗಡಿಯ ಹುಡುಗರು ಗುಂಪಾಗಿ ಬಾಗಿಲಿಗೆ ಬಂದರು. ಒಬ್ಬೊಬ್ಬರೂ ನನ್ನ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡರು, ನಿನ್ನ ಗೆಳೆಯ ತೈಫುನ್ ಎದೆ ತಟ್ಟಿ, “ಅಜ್ಜೀ, ಇಲ್ಯಾಸಣ್ಣನ್ನ ಹೊಡ್ದವ್ರು ಯಾವ ಗಲ್ಲಿಯವ್ರು ಅಂತ ಒಂದು ಮಾತು ಹೇಳಿ, ಸಾಕು” ಎಂದ. ಹಾಲುಗಲ್ಲದ ಮುಖ, ಇನ್ನೂ ಸರಿಯಾಗಿ ಮೀಸೆ ಬಂದಿಲ್ಲ. “ನಿಮ್ಮಪ್ಪ ತೊಟ್ಟಿರೋ ಪ್ಯಾಂಟನ್ನ ಹೋಗಿ ಕೇಳು” ಎಂದೆ. ಅವನಿಗೆ ಅರ್ಥವಾಗಲಿಲ್ಲ, ಅಜ್ಜಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಾ ಹೋದರು. ಅದನ್ನೂ ನುಂಗಿಕೊಂಡೆ.

ನುಂಗಲಾಗದ್ದು ನಿನ್ನೆಯದು. ಸಂತೆಯಲ್ಲಿ ಎಲೆಕೋಸು ಆರಿಸುತ್ತಿದ್ದೆ, ಹಿಂದಿನಿಂದ ಯಾರೋ “ತಾಯೀ” ಎಂದರು. ತಿರುಗಿದರೆ ಜೆವ್ದೆತ್. ಈಗ ಪರದೆ ಬಟ್ಟೆಯ ಅಂಗಡಿ ಇಟ್ಟಿದ್ದಾನೆ, ಹೊಟ್ಟೆ ಬಂದಿದೆ, ಕೈಯಲ್ಲಿ ಜಪಮಣಿ. ಇಷ್ಟು ವರ್ಷ ನನ್ನನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದವನು, ನಿನ್ನೆ ಎದುರು ಬಂದು ನಿಂತ. “ತಾಯೀ, ಹುಡುಗನ ಹಾಡು ಕೇಳ್ದೆ. ಕಣ್ಣಲ್ಲಿ ನೀರು ಬಂತು. ಪಾಪ, ಇಲ್ಯಾಸನಿಗೆ ಹಾಗಾಗಿತ್ತಾ? ನಂಗೆ ಗೊತ್ತೇ ಇರ್ಲಿಲ್ಲ ನೋಡಿ. ನಮ್ಮಲ್ಲಿದ್ದಾಗ ಎಷ್ಟು ಸಾಧು ಹುಡುಗ. ಬೀದಿ ಸಹವಾಸ ಯಾರನ್ನ ಬಿಡತ್ತೆ ಹೇಳಿ” ಎಂದ. ಸಂತೆಯ ನಡುವೆ, ನಾಲ್ಕು ಜನ ಕೇಳುವ ಹಾಗೆ. ಎಲೆಕೋಸಿನವನು ಅವನ ಮಾತಿಗೆ ತಲೆಯಾಡಿಸಿದ, ಅವನೂ ನಿನ್ನ ಹಾಡು ಕೇಳಿದ್ದಾನೆ.

ನನ್ನ ನಾಲಗೆ ನಿನಗೆ ಗೊತ್ತು. ನಗರಸಭೆಯವರನ್ನು ಬಿಟ್ಟಿಲ್ಲ, ಇಮಾಮರನ್ನು ಬಿಟ್ಟಿಲ್ಲ. ನಿನ್ನೆ ಅದು ಅಂಗುಳಕ್ಕೆ ಅಂಟಿಕೊಂಡಿತು ಸೆಫೆರ್. ಏನು ಹೇಳಲಿ? ಸುಳ್ಳು ಎಂದು ಕೂಗಿದರೆ ಇಲ್ಯಾಸನ ಮಗ ಸುಳ್ಳುಗಾರ ಎಂದು ನಾನೇ ಸಂತೆಯಲ್ಲಿ ಸಾರಿದ ಹಾಗೆ. ಸುಮ್ಮನಿದ್ದರೆ ಜೆವ್ದೆತ್ ಕೈ ತೊಳೆದುಕೊಂಡು ಹೋಗುತ್ತಾನೆ. ನಾನು ಸುಮ್ಮನಿದ್ದೆ. ನಿನ್ನ ಮಾನ ಉಳಿಸಲು ಆ ಮನುಷ್ಯನ ಎದುರು ಎಲೆಕೋಸು ಹಿಡಿದುಕೊಂಡು ಬಾಯಿ ಮುಚ್ಚಿ ನಿಂತೆ. ಅವನು ನನ್ನ ಚೀಲ ಹೊತ್ತುಕೊಂಡು ಬರುತ್ತೇನೆ ಎಂದ. ಹದಿನೇಳು ವರ್ಷ ಗೋರಿಯ ಮೇಲೆ ನಾನು ಯಾರ ಹೆಸರು ಹಿಡಿದು ಕೇಳುತ್ತಿದ್ದೆನೋ, ಅವನ ಹೆಸರನ್ನು ನೀನು ಅಳಿಸಿಕೊಟ್ಟೆ, ಅದೂ ಪಿಟೀಲು ಬಾರಿಸಿ.

ಅಲ್ಲಿಂದ ಮನೆಗೆ ಬರಲು ಕಾಲು ಒಪ್ಪಲಿಲ್ಲ, ಬೆಕಿರನ ಮನೆಗೆ ಹೋದೆ. ನಿನಗೆ ಅವನ ನೆನಪಿದೆಯೋ ಇಲ್ಲವೋ. ನಿನ್ನಪ್ಪನ ಜೊತೆ ಒಂದೇ ಪೈಪಿನ ಪಾಳಿ ಮಾಡಿದವನು, ಆ ನೆಲಮಾಳಿಗೆಯ ಹುಡುಗರಲ್ಲಿ ಉಳಿದಿರುವುದು ಅವನೊಬ್ಬನೇ. ಈಗ ಮೂಗಿಗೆ ನಳಿಕೆ, ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರು, ದಿಂಬುಗಳಿಗೆ ಒರಗಿ ಕೂತೇ ನಿದ್ದೆ. ಅವನ ಹೆಂಡತಿ ಹನೀಫೆ ಬೆಳಗಿನಿಂದ ಬೇರೆಯವರ ಮನೆಗಳ ಮೆಟ್ಟಿಲು ತೊಳೆಯಲು ಹೋಗುತ್ತಾಳೆ. ಅವನೂ ನಿನ್ನ ಹಾಡು ಕೇಳಿದ್ದ. ಒಂದೊಂದು ಮಾತಿಗೂ ನಿಂತು, ಉಸಿರು ಹುಡುಕಿ ತಂದು ಹೇಳಿದ: “ಅಮ್ಮಾ, ಇಲ್ಯಾಸನಿಗೆ ಚೂರಿ ಹಾಕ್ಸಿದಾನಲ್ಲ ನಿಮ್ಮ ಮೊಮ್ಮಗ... ಚೆನ್ನಾಗಿದೆ... ನಂಗೊಂದು ಗುಂಡು ಹಾಕ್ಸಕ್ಕೆ ಹೇಳಿ... ಹೀಗೆ ದಿಂಬಿಗೆ ಒರಗಿ ಸಾಯೋದಕ್ಕಿಂತ ಜೋರಾಗಿರತ್ತೆ.” ನಗಲು ಹೋಗಿ ಕೆಮ್ಮಿದ, ಕೆಮ್ಮು ನಿಲ್ಲಲಿಲ್ಲ, ನಾನು ಬೆನ್ನು ನೀವುತ್ತಾ ಕೂತೆ. ಸುಧಾರಿಸಿಕೊಂಡ ಮೇಲೆ, “ನಮ್ಮ ಸಾವಿಗೆ ನಾಚ್ಕೋತಾನೇನಮ್ಮಾ ಹುಡುಗ?” ಎಂದು ಕೇಳಿದ. ತಮಾಷೆಗೆ ಕೇಳಲಿಲ್ಲ. ನಾನು ಎದ್ದು ಚಹಾಕ್ಕೆ ನೀರಿಟ್ಟೆ. ಉತ್ತರ ನೀನು ಕೊಡು.

ಅದಕ್ಕೇ ಹೇಳುತ್ತೇನೆ ಕೇಳು. ನನ್ನ ದನಿಯನ್ನು ಆ ಹಾಡಿನಿಂದ ತೆಗೆ. ಹೇಗೆ ತೆಗೆಯುತ್ತೀಯೋ ನನಗೆ ಗೊತ್ತಿಲ್ಲ, ಹಾಕಲು ಬಂದವನಿಗೆ ತೆಗೆಯಲೂ ಬರುತ್ತದೆ. ನಿನಗೆ ಚೂರಿಯ ಅಪ್ಪ ಬೇಕಿದ್ದರೆ ಬೇರೆ ಅಜ್ಜಿಯನ್ನು ಹುಡುಕಿಕೋ. ಇಲ್ಯಾಸನ ತಾಯಿಯ ದನಿ ಇಲ್ಯಾಸನಿಗೇ ಇರಲಿ. ತೆಗೆಯದಿದ್ದರೆ ನೀನು ಎಲ್ಲಿ ಹಾಡಿದರೂ ಬರುತ್ತೇನೆ. ನನ್ನ ಸೋದರತ್ತೆ ಟ್ರ್ಯಾಕ್ಟರಿನವನಿಗೆ ಮಾಡಿದ್ದನ್ನು ನಿನ್ನ ಸಾವಿರ ಜನರ ಎದುರು ನಿನಗೆ ಮಾಡುತ್ತೇನೆ, ಮೈಕೂ ಬೇಡ ನನಗೆ.

ನಿನ್ನ ತಾಯಿ ತರ್ಹಾನಾ ಗಂಜಿಯ ಪುಡಿ ಕಟ್ಟಿಟ್ಟಿದ್ದಾಳೆ, ಈ ಕಾಗದದ ಜೊತೆ ಕಳಿಸುತ್ತಾಳಂತೆ. ನಾನು ಬೇಡ ಎಂದೆ, ಅವಳು ಕೇಳಲಿಲ್ಲ. ಖಾರ ಜಾಸ್ತಿ ಹಾಕಿದವಳು ನಾನು. ಅಲ್ಲಾಹು ನಿನ್ನ ಗಂಟಲು ಕಾಯಲಿ, ಎದೆ ಕಾಯಲಿ, ಸಿಗರೇಟು ಬಿಡಿಸಲಿ. ಎಂದಿನ ಹಾಗೆ ನಿನ್ನ ಎರಡೂ ಕಣ್ಣಿಗೆ ಮುತ್ತಿಟ್ಟು ಕಾಗದ ಮುಗಿಸಲು ಮನಸ್ಸು ಬರುತ್ತಿಲ್ಲ. ಈ ಸಲ ಒಂದು ಕಣ್ಣಿಗೆ ಮಾತ್ರ.

ನಿನ್ನಪ್ಪನ ತಾಯಿ,
ಜೊಹ್ರೆ

ಮತ್ತೆ — ಲಕೋಟೆ ಅಂಟಿಸುವ ಹೊತ್ತಿಗೆ ಹನೀಫೆ ಓಡಿಬಂದಳು. ಬೆಕಿರ್ ರಾತ್ರಿಯೆಲ್ಲ ಯೋಚಿಸಿದನಂತೆ. ಹಾಡು ತೆಗೆಸಬೇಡಿ ಅನ್ನುತ್ತಾನೆ. ನೀನು ದನಿ ಹಿಡಿಯುವ ಆ ಯಂತ್ರ ತೆಗೆದುಕೊಂಡು ಅವನ ಹತ್ತಿರ ಬರಬೇಕಂತೆ. ಚೂರಿಯ ಮಾತು ಇರುವ ಜಾಗದಲ್ಲಿ ಅವನ ಉಸಿರು ಹಾಕಬೇಕಂತೆ. ಮಾತು ಬೇಡ, ಬರೀ ಉಸಿರು, “ಒಳಗೆ ಹೋಗೋದು, ಹೊರಗೆ ಬರೋದು, ಅಷ್ಟೇ ಹಾಕ್ಲಿ, ಜೆವ್ದೆತನಿಗೆ ಗುರುತು ಸಿಗತ್ತೆ” ಅಂದನಂತೆ. ಉಳಿದ ಮೂರು ಸಾಲನ್ನು ನಾನು ಅಲ್ಲೇ ಕೂತು ಹಾಡುತ್ತೇನೆ. ಡಾಕ್ಟರು ಹನೀಫೆಗೆ ಏನು ಹೇಳಿದ್ದಾರೆಂದು ಬರೆಯುವುದಿಲ್ಲ, ಈ ವಾರವೇ ಬಾ. ಇನ್ನೊಂದು ಮಾತು ನಿನಗೆ ಯಾರೂ ಹೇಳಿಲ್ಲ. ನಿನ್ನಪ್ಪನ ದನಿ ನಿನಗೆ ನೆನಪಿಲ್ಲ ಎಂದು ಚಿಕ್ಕವನಿದ್ದಾಗ ಅಳುತ್ತಿದ್ದೆ. ಕಡೆಯ ಚಳಿಗಾಲ ಅವನಿಗೆ ದನಿ ಇರಲಿಲ್ಲ ಮಗನೇ, ಇದ್ದದ್ದು ಇದೇ ಉಸಿರು. ನೀನು ಅವನ ಎದೆಯ ಮೇಲೆ ಮಲಗಿ ಇದನ್ನೇ ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಹಗಲು ಬೆಕಿರ್ ಒಬ್ಬನೇ ಇರುತ್ತಾನೆ, ಬಾಗಿಲಿಗೆ ಚಿಲಕ ಹಾಕಿರುವುದಿಲ್ಲ. ತಟ್ಟಬೇಡ, ತಟ್ಟಿದರೆ ಎದ್ದು ಬರಲು ಹೋಗುತ್ತಾನೆ. ತಳ್ಳಿಕೊಂಡು ಒಳಗೆ ಹೋಗು.